ಎಮ್ಮೆ ಹಾಲು ಪುಡಿಯಾದ ಕಥೆ



ಸಂಘ ಎಂದ ಮೇಲೆ ತೊಂದರೆ ಇದ್ದದ್ದೇ. ಹಾಲು ಕಡಿಮೆಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಆಡಳಿತ ಮಂಡಳಿ ಸಭೆಯಲ್ಲಿ ನಾವು ನಿರ್ದೇಶಕರು ಕೂತು ಮಾತಾಡುವುದನ್ನು ಕೇಳಿದರೆ ಹೆಚ್ಚಾಗಿ ಎರಡೇ ಮಾತು ಬರುತ್ತವೆ. ಒಂದು, ಒಕ್ಕೂಟಕ್ಕೆ ಅರ್ಜಿ ಕೊಡೋಣ. ಇನ್ನೊಂದು, ಅದು ಆಗಲ್ಲ ಬಿಡಿ. ಈ ಎರಡು ಮಾತಿನ ಆಚೆಗೂ ದಾರಿ ಇದೆ ಎಂದು ತೋರಿಸಿಕೊಟ್ಟವರು ಗುಜರಾತಿನ ಖೇಡಾ ಜಿಲ್ಲೆಯ ರೈತರು ಮತ್ತು ಅವರ ಮುಂದಾಳುಗಳು. ಹೀಗೆ ಹೊಸದಾಗಿ ಯೋಚಿಸುವುದಕ್ಕೆ ಈಗ ಪಟ್ಟಣಗಳಲ್ಲಿ ಸೃಜನಶೀಲ ಚಿಂತನೆ ಎಂದು ದೊಡ್ಡ ಹೆಸರಿಟ್ಟು, ಕಂಪನಿಯ ಮ್ಯಾನೇಜರುಗಳನ್ನು ಹೋಟೆಲಿನಲ್ಲಿ ಕೂರಿಸಿ ತರಬೇತಿ ಕೊಡುತ್ತಾರಂತೆ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಎಮ್ಮೆ ಕಟ್ಟುವವರು ಎಪ್ಪತ್ತು ಎಂಬತ್ತು ವರ್ಷದ ಹಿಂದೆಯೇ ಇದನ್ನು ಮಾಡಿ ತೋರಿಸಿದ್ದಾರೆ. ನಮ್ಮ ಸಂಘದ ಬೆಳ್ಳಿಹಬ್ಬದ ಹೊತ್ತಿನಲ್ಲಿ ಆ ಇತಿಹಾಸ ನಮ್ಮ ಸದಸ್ಯರಿಗೆ ಗೊತ್ತಿರಬೇಕು ಎಂಬುದು ನನ್ನ ಆಸೆ. ದಿನಾ ಬೆಳಿಗ್ಗೆ ಸಂಜೆ ಹಾಲು ಹಾಕುವ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಸಂಘ ಎಂಬುದು ಎಲ್ಲಿಂದ ಬಂತು ಎಂದೇ ತಿಳಿಯದು.

ಅದು ಸ್ವಾತಂತ್ರ್ಯ ಬರುವ ಮುಂಚಿನ ಮಾತು. ಖೇಡಾ ಜಿಲ್ಲೆಯ ಆಣಂದ್ ಎಂಬ ಊರಿನಲ್ಲಿ ಪೋಲ್ಸನ್ ಎಂಬ ಖಾಸಗಿ ಕಂಪನಿಯ ಬೆಣ್ಣೆ ಕಾರ್ಖಾನೆ ಇತ್ತು. 1945ರಲ್ಲಿ ಆಗಿನ ಮುಂಬಯಿ ಸರ್ಕಾರ ಮುಂಬಯಿ ಪಟ್ಟಣಕ್ಕೆ ಹಾಲು ಒದಗಿಸುವ ಒಂದು ಯೋಜನೆ ಮಾಡಿತು. ಆಣಂದ್‌ನಿಂದ ಮುಂಬಯಿಗೆ 400 ಕಿಲೋಮೀಟರಿಗೂ ಮೇಲೆ ದೂರ. ಹಾಲನ್ನು ಕಾಯಿಸಿ, ತಂಪು ಮಾಡಿ, ರೈಲಿನಲ್ಲಿ ಕಳಿಸಬೇಕು. ಆ ಯಂತ್ರ ಇದ್ದದ್ದು ಪೋಲ್ಸನ್ ಹತ್ತಿರ. ಹೀಗಾಗಿ ಸುತ್ತಲ ಹಳ್ಳಿಗಳ ಹಾಲು ಕೊಳ್ಳುವ ಹಕ್ಕು ಅವರ ಪಾಲಾಯಿತು. ರೈತ ಮತ್ತು ಕಂಪನಿಯ ನಡುವೆ ದಲ್ಲಾಳಿಗಳು. ಅಳತೆ ಅವರದು, ದರ ಅವರದು. ಹಾಲು ಎಂಬುದು ರಾಗಿ ಭತ್ತದ ಹಾಗೆ ಕಣಜದಲ್ಲಿ ಇಟ್ಟು ಕಾಯುವ ಪದಾರ್ಥವಲ್ಲ. ಕರೆದ ನಾಲ್ಕು ತಾಸಿನಲ್ಲಿ ಕೊಡದಿದ್ದರೆ ಒಡೆದುಹೋಗುತ್ತದೆ. ಈ ಒಂದು ಗುಣದಿಂದಲೇ ದಲ್ಲಾಳಿಯ ಕೈ ಮೇಲಾಗಿತ್ತು.

ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಹತ್ತಿರ ಹೋದರು. ಅವರು ಅದೇ ಜಿಲ್ಲೆಯವರು. ರೈತರು ಕೇಳಲು ಹೋಗಿದ್ದು ಒಳ್ಳೆಯ ದರ ಕೊಡಿಸಿ ಎಂದು. ಸರ್ದಾರರು ಕೊಟ್ಟ ಸಲಹೆಯೇ ಬೇರೆ. ದರ ಕೇಳುತ್ತಾ ಕೂರಬೇಡಿ, ನಿಮ್ಮದೇ ಸಂಘ ಮಾಡಿ, ಹಾಲು ಕಾಯಿಸುವ ಯಂತ್ರವೂ ನಿಮ್ಮದೇ ಇರಲಿ, ಮುಂಬಯಿಗೆ ನೀವೇ ನೇರ ಮಾರಿ ಎಂಬುದು ಅದರ ಸಾರ. ಸರ್ಕಾರ ಒಪ್ಪದಿದ್ದರೆ ದಲ್ಲಾಳಿಗೆ ಹಾಲು ಹಾಕುವುದನ್ನೇ ನಿಲ್ಲಿಸಿ, ಅದರಿಂದ ನಿಮಗೂ ನಷ್ಟ ಆಗುತ್ತದೆ, ತಡೆದುಕೊಳ್ಳುವ ಶಕ್ತಿ ಇದೆಯಾ ನೋಡಿಕೊಳ್ಳಿ ಎಂದೂ ಎಚ್ಚರಿಸಿದರು. ಮುರಾರ್ಜಿ ದೇಸಾಯಿಯವರನ್ನು ಅಲ್ಲಿಗೆ ಕಳಿಸಿದರು. 1946ರ ಜನವರಿ 4ರಂದು ಸಮರಖಾ ಎಂಬ ಹಳ್ಳಿಯಲ್ಲಿ ಸಭೆ ಸೇರಿ ನಿರ್ಧಾರ ಆಯಿತು. ಹದಿನೈದು ದಿನ ದಲ್ಲಾಳಿಗಳಿಗೆ ಒಂದು ತೊಟ್ಟು ಹಾಲೂ ಹೋಗಲಿಲ್ಲ. ಮುಂಬಯಿಗೆ ಹಾಲಿನ ಸರಬರಾಜು ಕುಸಿಯಿತು, ಸರ್ಕಾರ ಬಗ್ಗಿತು. ಅದೇ ವರ್ಷ ಡಿಸೆಂಬರ್ 14ಕ್ಕೆ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಹಕಾರ ಒಕ್ಕೂಟ ನೋಂದಣಿ ಆಯಿತು. ತ್ರಿಭುವನದಾಸ್ ಪಟೇಲರು ಅಧ್ಯಕ್ಷರು. 1948ರ ಜೂನ್‌ನಲ್ಲಿ ಹಾಲು ಕಾಯಿಸಿ ಕಳಿಸಲು ಶುರು ಮಾಡಿದಾಗ ಇದ್ದದ್ದು ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಈಗಿನ ಕಾಲದಲ್ಲಿ ಒಂದು ಸಣ್ಣ ಡೇರಿಯಲ್ಲೂ ಒಂದು ಹೊತ್ತಿಗೇ ಅಷ್ಟು ಹಾಲು ಬರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಹಾಲು ನಿಲ್ಲಿಸಿದ್ದನ್ನಲ್ಲ. ಸಿಟ್ಟು ಬಂದರೆ ಹಾಲು ಚೆಲ್ಲುವುದು ನಮಗೂ ಗೊತ್ತು. ಗಮನಿಸಬೇಕಾದದ್ದು ಪ್ರಶ್ನೆ ಬದಲಾದದ್ದನ್ನು. ರೈತರು ತಂದ ಪ್ರಶ್ನೆ, ದರ ಹೇಗೆ ಏರಿಸುವುದು? ಸರ್ದಾರರು ಅದನ್ನು ತಿರುಗಿಸಿ ಹಾಕಿದ ಪ್ರಶ್ನೆ, ಹಾಲು ಕೆಡದಂತೆ ಇಡುವ ಯಂತ್ರ ಯಾರ ಕೈಯಲ್ಲಿರಬೇಕು? ಮೊದಲನೆಯದಕ್ಕೆ ಉತ್ತರ ದಲ್ಲಾಳಿಯ ಹತ್ತಿರ ಇತ್ತು, ಎರಡನೆಯದಕ್ಕೆ ರೈತರ ಹತ್ತಿರವೇ ಇತ್ತು.

ಇನ್ನು ಮುಖ್ಯ ಕಥೆಗೆ ಬರುತ್ತೇನೆ. 1949ರ ಮೇ 13ಕ್ಕೆ ವರ್ಗೀಸ್ ಕುರಿಯನ್ ಎಂಬ ಇಪ್ಪತ್ತೇಳರ ಹರೆಯದ ಎಂಜಿನಿಯರ್ ಆಣಂದ್‌ಗೆ ಬಂದಿಳಿದರು. ಕೇರಳದ ಕೋಯಿಕ್ಕೋಡ್‌ನಲ್ಲಿ ಹುಟ್ಟಿದವರು, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿ ಬಂದಿದ್ದರು. ಆ ಕರಾರಿನ ಪ್ರಕಾರ ಸರ್ಕಾರಿ ಕೆನೆ ಕಾರ್ಖಾನೆಯಲ್ಲಿ ಕೆಲಸ ಮಾಡಲೇಬೇಕಿತ್ತು. ಅವರಿಗೆ ಆ ಊರು ಸ್ವಲ್ಪವೂ ಹಿಡಿಸಲಿಲ್ಲ. ಹೊರಗಿನವರು, ಕ್ರೈಸ್ತರು, ಮದುವೆಯಾಗಿಲ್ಲ, ಮಾಂಸ ತಿನ್ನುವವರು ಎಂದು ಬಾಡಿಗೆಗೆ ಒಂದು ಮನೆಯೂ ಸಿಗದೆ ಗ್ಯಾರೇಜಿನಲ್ಲಿ ಇದ್ದರು. ಯಾವಾಗ ಕರಾರು ಮುಗಿಯುತ್ತದೋ ಎಂದು ದಿನ ಎಣಿಸುತ್ತಿದ್ದರು. ಪಕ್ಕದಲ್ಲೇ ತ್ರಿಭುವನದಾಸರ ಸಂಘದ ಹಳೆಯ ಯಂತ್ರಗಳು ಪದೇ ಪದೇ ಕೆಡುತ್ತಿದ್ದವು. ಕರೆದಾಗಲೆಲ್ಲ ಹೋಗಿ ರಿಪೇರಿ ಮಾಡಿಕೊಡುತ್ತಿದ್ದರು. ಕೊನೆಗೆ ಸರ್ಕಾರಿ ಕೆಲಸ ಬಿಟ್ಟು ಹೊರಟಾಗ, ಹೊಸ ಯಂತ್ರ ಕೂರಿಸಿಕೊಟ್ಟು ಹೋಗಿ ಎಂದು ತ್ರಿಭುವನದಾಸರು ಕೇಳಿಕೊಂಡರು. ಹೀಗೆ ಕೆಲವು ದಿನ ಎಂದು ನಿಂತವರು ಆಣಂದ್‌ನಲ್ಲೇ ಜೀವಮಾನ ಕಳೆದರು.

ಸಂಘ ಬೆಳೆಯಿತು. ಬೆಳೆದ ಹಾಗೆ ಹೊಸ ಕಷ್ಟ ಎದುರಾಯಿತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಎಮ್ಮೆ ಹೆಚ್ಚಾಗಿ ಈಯುವುದು ಮಳೆಗಾಲ ಕಳೆಯುವ ಹೊತ್ತಿಗೆ. ಮೇವೂ ಆಗ ಚೆನ್ನಾಗಿರುತ್ತದೆ. ಹೀಗಾಗಿ ಚಳಿಗಾಲದಲ್ಲಿ ಬರುವ ಹಾಲು ಬೇಸಿಗೆಯ ಎರಡರಷ್ಟು. ಮುಂಬಯಿಯ ಜನ ಮಾತ್ರ ಚಳಿಗಾಲ ಎಂದು ಎರಡು ಪಟ್ಟು ಹಾಲು ಕುಡಿಯುವುದಿಲ್ಲವಲ್ಲ. ಅಲ್ಲಿನ ಯೋಜನೆಯವರು ಬೇಕಾದಷ್ಟು ತೆಗೆದುಕೊಂಡು ಉಳಿದದ್ದು ಬೇಡ ಎಂದರು. ಉಳಿದ ಹಾಲು ಏನು ಮಾಡುವುದು? ಹಾಲು ತಂದ ಸದಸ್ಯನಿಗೆ ಇವತ್ತು ಬೇಡ ವಾಪಸ್ ಒಯ್ಯಿ ಎಂದರೆ ಆತ ಮತ್ತೆ ದಲ್ಲಾಳಿಯ ಬಾಗಿಲಿಗೇ ಹೋಗಬೇಕು. ಒಂದು ಚಳಿಗಾಲ ಹಾಗಾದರೆ ಸಂಘ ಉಳಿಯುವುದಿಲ್ಲ. ನಮ್ಮಲ್ಲೂ ಯಾವುದೋ ಕಾರಣಕ್ಕೆ ಒಂದು ಹೊತ್ತಿನ ಹಾಲು ನಿಂತರೆ ಡೇರಿಯ ಮುಂದೆ ಎಂಥ ಗಲಾಟೆ ಆಗುತ್ತದೆ ಎಂದು ಕಾರ್ಯದರ್ಶಿಯವರನ್ನು ಕೇಳಿ.

ಉಳಿದ ಹಾಲನ್ನು ಪುಡಿ ಮಾಡಿ ಇಟ್ಟುಕೊಂಡರೆ ಬೇಸಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಉಪಾಯವೇ. ಆದರೆ ಆಗ ಪ್ರಪಂಚದಲ್ಲಿ ಪುಡಿ ಮಾಡುತ್ತಿದ್ದದ್ದೆಲ್ಲ ಹಸುವಿನ ಹಾಲಿನಿಂದ. ಎಮ್ಮೆ ಹಾಲು ಪುಡಿ ಆಗುವುದಿಲ್ಲ ಎಂದು ವಿದೇಶದ ತಜ್ಞರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹಸುವಿನ ಹಾಲಿನಲ್ಲಿ ಫ್ಯಾಟ್ ನಾಲ್ಕರ ಆಸುಪಾಸು, ಎಮ್ಮೆ ಹಾಲಿನಲ್ಲಿ ಏಳರ ಆಸುಪಾಸು. ಮಿಕ್ಕ ಗಟ್ಟಿ ಅಂಶವೂ ಜಾಸ್ತಿ. ಆ ತಜ್ಞರು ಸುಳ್ಳು ಹೇಳಿದರು ಎಂದಲ್ಲ. ಅವರ ದೇಶದಲ್ಲಿ ಹಾಲಿಗಾಗಿ ಸಾಕುತ್ತಿದ್ದದ್ದು ಹಸುವನ್ನು. ಎಮ್ಮೆ ಹಾಲನ್ನು ಪುಡಿ ಮಾಡಿ ನೋಡುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ. ಯಾರೂ ಮಾಡಿ ನೋಡಿಲ್ಲ ಎನ್ನುವುದು ಬಾಯಿಂದ ಬಾಯಿಗೆ ಹೋಗಿ, ಮಾಡಲು ಬರುವುದಿಲ್ಲ ಎಂದಾಗಿತ್ತು. ಇಂಥ ಮಾತುಗಳು ನಮ್ಮ ಊರಲ್ಲೂ ಬೇಕಾದಷ್ಟಿವೆ.

ಕುರಿಯನ್ನರ ಜೊತೆ ಅಮೆರಿಕದಲ್ಲಿ ಓದಿದ್ದ ಎಚ್.ಎಂ. ದಲಾಯ ಎಂಬುವರು ಆಣಂದ್‌ಗೆ ಬಂದು ಸೇರಿಕೊಂಡಿದ್ದರು. ಹೈನುಗಾರಿಕೆಯ ತಂತ್ರ ಬಲ್ಲವರು, ಮಾತು ಕಡಿಮೆ. ಕುರಿಯನ್ನರಾದರೋ ಮಾತಿನಲ್ಲಿ ಸಿಡಿಲು. ದಲಾಯ ಅವರು ಆಗುವುದಿಲ್ಲ ಎಂಬ ಮಾತಿಗೆ ವಾದ ಮಾಡಲು ಹೋಗಲಿಲ್ಲ. ಕುರಿಯನ್ನರು ಹೇಳಿಕೊಂಡಿರುವಂತೆ, ದಲಾಯ ಬಣ್ಣ ಹೊಡೆಯುವ ಒಂದು ಸ್ಪ್ರೇ ಗನ್ನು, ಗಾಳಿ ಬಿಸಿ ಮಾಡುವ ಒಂದು ಹೀಟರು ಇವೆರಡನ್ನು ಜೋಡಿಸಿಕೊಂಡು, ಎಮ್ಮೆ ಹಾಲನ್ನು ಬಿಸಿ ಗಾಳಿಗೆ ಎರಚಿ ಪುಡಿ ಉದುರಿಸಿ ತೋರಿಸಿಬಿಟ್ಟರು.

ಇದರ ಹಿಂದಿನ ಕೆಲಸ ಕಷ್ಟದ್ದೇನಲ್ಲ, ಓದುಗರಿಗೆ ತಿಳಿಯಲಿ ಎಂದು ಬರೆಯುತ್ತೇನೆ. ಮೊದಲು ಹಾಲಿನ ನೀರಿನಂಶವನ್ನು ಸಾಕಷ್ಟು ಇಂಗಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಅದನ್ನು ದೊಡ್ಡ ಕೋಣೆಯಂಥ ಯಂತ್ರದೊಳಗೆ ಮಂಜಿನ ಹಾಗೆ ಸಣ್ಣ ಸಣ್ಣ ಹನಿಯಾಗಿ ಎರಚುತ್ತಾರೆ. ಅಲ್ಲಿ ಬಿಸಿ ಗಾಳಿ ಸುತ್ತುತ್ತಿರುತ್ತದೆ. ಹನಿ ಕೆಳಗೆ ಬೀಳುವಷ್ಟರಲ್ಲಿ ನೀರು ಆರಿ ಪುಡಿ ಉಳಿಯುತ್ತದೆ. ಹತ್ತು ಹನ್ನೊಂದು ಲೀಟರ್ ಕೆನೆ ತೆಗೆದ ಹಾಲಿನಿಂದ ಹೆಚ್ಚುಕಡಿಮೆ ಒಂದು ಕಿಲೋ ಪುಡಿ ಸಿಗುತ್ತದೆ. ತೆಗೆದ ಕೆನೆ ಬೆಣ್ಣೆ ತುಪ್ಪಕ್ಕೆ. ಔಷಧಿ ಹೊಡೆಯುವ ಪಂಪಿನ ಮೂತಿಯಿಂದ ಹೊಗೆಯ ಹಾಗೆ ಹನಿ ಬರುತ್ತದಲ್ಲ, ಅದೇ ಲೆಕ್ಕ. ನಮ್ಮ ತೋಟದ ಮನೆಯಲ್ಲಿ ತೂಗುಹಾಕಿರುವ ಪಂಪಿಗೂ ದಲಾಯ ಅವರ ಸ್ಪ್ರೇ ಗನ್ನಿಗೂ ದೂರದ ಸಂಬಂಧ ಇದೆ ಎನ್ನಬಹುದು!

ಆ ಸಣ್ಣ ಪ್ರಯೋಗದಿಂದಲೇ ಕಾರ್ಖಾನೆ ಆಗಲಿಲ್ಲ. ದುಡ್ಡು ಬೇಕು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಯಂತ್ರ ಕೊಡಲು ಒಪ್ಪಿತು, ಅದಕ್ಕೆ ಬದಲಾಗಿ ಬಡ ಮಕ್ಕಳಿಗೆ ಸಂಘ ಪುಕ್ಕಟೆ ಹಾಲು ಹಂಚಬೇಕು ಎಂಬುದು ಕರಾರು. ನ್ಯೂಜಿಲೆಂಡ್ ಸರ್ಕಾರವೂ ನೆರವಿಗೆ ಬಂತು. 1954ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. 1955ರ ಅಕ್ಟೋಬರ್ 31, ಅಂದರೆ ಸರ್ದಾರ್ ಪಟೇಲರ ಹುಟ್ಟಿದ ದಿನ, ಪ್ರಧಾನಿ ನೆಹರೂರವರು ಕಾರ್ಖಾನೆ ಉದ್ಘಾಟನೆ ಮಾಡಿದರು. ಎಮ್ಮೆ ಹಾಲಿನಿಂದ ಪುಡಿ ಮಾಡುವ ಕಾರ್ಖಾನೆ ಪ್ರಪಂಚದಲ್ಲೇ ಅದು ಮೊದಲನೆಯದು. ಚಳಿಗಾಲದ ಹಾಲನ್ನು ವಾಪಸ್ ಕಳಿಸುವ ಭಯ ಅಲ್ಲಿಗೆ ತಪ್ಪಿತು.

ನನ್ನ ಅಭಿಪ್ರಾಯದಲ್ಲಿ ಈ ಕಥೆಯಲ್ಲಿ ದಲಾಯ ಅವರಷ್ಟೇ ದೊಡ್ಡವರು ತ್ರಿಭುವನದಾಸರು. ಅವರು ಎಂಜಿನಿಯರ್ ಅಲ್ಲ. ಪುಡಿ ಹೇಗಾಗುತ್ತದೆ ಎಂದು ಅವರಿಗೆ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅವರ ಕೆಲಸ ಹಳ್ಳಿ ಹಳ್ಳಿ ತಿರುಗಿ ರೈತರ ನಂಬಿಕೆ ಉಳಿಸುವುದು, ಬಲ್ಲವರನ್ನು ಹಿಡಿದು ನಿಲ್ಲಿಸುವುದು, ಅವರು ಮಾಡುವ ಕೆಲಸಕ್ಕೆ ಅಡ್ಡ ಬರದೆ ಇರುವುದು. ಕುರಿಯನ್ನರಿಗೆ ಭಾಷೆ ಸರಿಯಾಗಿ ಬರದು, ಜಾತಿ ಧರ್ಮ ಬೇರೆ, ಹಾಲು ಕುಡಿಯುವ ಅಭ್ಯಾಸವೂ ಇರಲಿಲ್ಲವಂತೆ. ಅಂಥವರ ಕೈಗೆ ಸಂಘದ ಬೀಗದ ಕೈ ಕೊಟ್ಟರು. ನಮ್ಮ ಕಡೆ ಅಧ್ಯಕ್ಷರಾದವರು ಟೆಸ್ಟರ್ ನೇಮಕಕ್ಕೂ ನೆಂಟರನ್ನು ಹುಡುಕುವುದುಂಟು. ಇದು ಯಾವ ಒಂದು ಸಂಘದ ಮಾತೂ ಅಲ್ಲ, ಯಾರೂ ಬೇಜಾರು ಮಾಡಿಕೊಳ್ಳಬಾರದು.

ಪುಡಿ ಆದ ಮೇಲೆ ಬೆಣ್ಣೆಯ ಪಂಚಾಯ್ತಿ. ಅಮುಲ್ ಬೆಣ್ಣೆ ಮೊದಲು ಮುಂಬಯಿಗೆ ಹೋದಾಗ ಜನ ಮೆಚ್ಚಲಿಲ್ಲ. ಎಮ್ಮೆ ಹಾಲಿನ ಬೆಣ್ಣೆ ಬೆಳ್ಳಗಿರುತ್ತದೆ, ತಾಜಾ ಇದ್ದರೆ ಹುಳಿ ಇರುವುದಿಲ್ಲ. ಪಟ್ಟಣದವರ ನಾಲಿಗೆ ಪೋಲ್ಸನ್‌ನ ಹಳದಿ ಬಣ್ಣದ ಉಪ್ಪು ಬೆಣ್ಣೆಗೆ ಒಗ್ಗಿಹೋಗಿತ್ತು. ನಮ್ಮದೇ ಒಳ್ಳೆಯ ಬೆಣ್ಣೆ, ಜನಕ್ಕೆ ಬುದ್ಧಿ ಇಲ್ಲ ಎಂದು ಇವರು ಹಟ ಹಿಡಿಯಲಿಲ್ಲ. ಉಪ್ಪು ಹಾಕಿದರು, ಬಣ್ಣ ಹಾಕಿದರು, ಮಾರಿದರು. ಮಜ್ಜಿಗೆ ಕಡೆದು ಬಿಳಿ ಬೆಣ್ಣೆ ತೆಗೆಯುವ ನಮ್ಮ ಅಜ್ಜಿಯರು ಕೇಳಿದ್ದರೆ ನಗುತ್ತಿದ್ದರು.

ನಮ್ಮ ಮೈಸೂರಿಗೂ ಈ ಇತಿಹಾಸದಲ್ಲಿ ಒಂದು ಪಾಲು ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಎಳೆ ಮಕ್ಕಳ ಡಬ್ಬಿ ಹಾಲಿನ ಪುಡಿ ಆಗೆಲ್ಲ ವಿದೇಶದಿಂದ ಬರುತ್ತಿತ್ತು. ಎಮ್ಮೆ ಹಾಲಿನಲ್ಲಿ ಅದನ್ನು ಮಾಡುವುದು ಇನ್ನೂ ಕಷ್ಟ, ಏಕೆಂದರೆ ಕೂಸಿನ ಹೊಟ್ಟೆಯಲ್ಲಿ ಎಮ್ಮೆ ಹಾಲು ಗಟ್ಟಿಯಾಗಿ ಒಡೆಯುತ್ತದೆ, ಅರಗುವುದಿಲ್ಲ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯ, ನಾವು ಸಿ.ಎಫ್.ಟಿ.ಆರ್.ಐ. ಎನ್ನುತ್ತೇವಲ್ಲ, ಅಲ್ಲಿನ ವಿಜ್ಞಾನಿಗಳು ಎಮ್ಮೆ ಹಾಲನ್ನು ಕೂಸಿಗೆ ಅರಗುವಂತೆ ಹದ ಮಾಡುವ ವಿಧಾನ ಕಂಡುಹಿಡಿದರು. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಆಣಂದ್‌ನವರು. ಎರಡು ಕಡೆಯವರೂ ವಿದೇಶದ ಕಂಪನಿಯನ್ನು ಕಾಯುತ್ತಾ ಕೂರಲಿಲ್ಲ.

1964ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪಶು ಆಹಾರ ಕಾರ್ಖಾನೆ ಉದ್ಘಾಟನೆಗೆ ಅಲ್ಲಿಗೆ ಬಂದವರು, ಅಜರಪುರ ಎಂಬ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿ ರೈತರ ಜೊತೆ ಮಾತಾಡಿದರು. ಇದೇ ಮಾದರಿ ದೇಶದ ಎಲ್ಲ ಕಡೆ ಆಗಬೇಕು ಎಂದು 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು, ಅದರ ಕಚೇರಿಯೂ ಆಣಂದ್‌ನಲ್ಲೇ. ಮಂಡಳಿಗೆ ದುಡ್ಡು ಎಲ್ಲಿಂದ? ಇಲ್ಲಿ ಕುರಿಯನ್ನರ ಇನ್ನೊಂದು ಉಪಾಯ ಹೇಳಲೇಬೇಕು. ಆಗ ಯುರೋಪಿನಲ್ಲಿ ಹಾಲಿನ ಪುಡಿ ಮತ್ತು ಬೆಣ್ಣೆ ಬೆಟ್ಟದಷ್ಟು ಉಳಿದುಬಿಟ್ಟಿತ್ತು. ಅದು ಇಲ್ಲಿಗೆ ಅಗ್ಗವಾಗಿ ಅಥವಾ ಪುಕ್ಕಟೆಯಾಗಿ ನುಗ್ಗಿದರೆ ನಮ್ಮ ರೈತನ ಹಾಲು ಕೇಳುವವರೇ ಇರುವುದಿಲ್ಲ. ಬೇಡ ಎಂದು ಬಾಗಿಲು ಹಾಕಬಹುದಿತ್ತು, ಎಷ್ಟು ದಿನ ಹಾಕುವುದು? ಕುರಿಯನ್ನರು ಆ ದಾನವನ್ನು ತೆಗೆದುಕೊಂಡರು, ಪುಕ್ಕಟೆ ಹಂಚಲು ಬಿಡಲಿಲ್ಲ. ಪುಡಿಯನ್ನು ಹಾಲು ಮಾಡಿ ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸ್ ಪಟ್ಟಣಗಳಲ್ಲಿ ಮಾರಿ, ಬಂದ ದುಡ್ಡಿನಲ್ಲಿ ರೈತರ ಡೇರಿಗಳನ್ನು ಕಟ್ಟುವುದು ಎಂದು ಯೋಜನೆ ಹಾಕಿದರು. 1,26,000 ಟನ್ ಪುಡಿ, 42,000 ಟನ್ ಬೆಣ್ಣೆ ಎಣ್ಣೆ. 1970ರಲ್ಲಿ ಶುರುವಾದ ಇದಕ್ಕೇ ಆಪರೇಷನ್ ಫ್ಲಡ್ ಎಂದು ಹೆಸರು. ರೈತನನ್ನು ಮುಳುಗಿಸಬೇಕಾಗಿದ್ದ ಪುಡಿಯೇ ಅವನ ಬಂಡವಾಳ ಆಯಿತು.

ಆ ಮಾದರಿ ನಮ್ಮ ರಾಜ್ಯಕ್ಕೂ ಬಂತು. 1974ರಲ್ಲಿ ವಿಶ್ವ ಬ್ಯಾಂಕ್ ನೆರವಿನ ಯೋಜನೆ ನಡೆಸಲು ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಆಯಿತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳ ಆಯಿತು. ಹಳ್ಳಿಗೊಂದು ಸಂಘ, ಜಿಲ್ಲೆಗೆ ಒಕ್ಕೂಟ, ಅದರ ಮೇಲೆ ಮಹಾಮಂಡಳ ಎಂಬ ಮೂರು ಅಂತಸ್ತಿನ ಲೆಕ್ಕ ಆಣಂದ್‌ನದೇ. ನಮ್ಮ ಡೇರಿಯ ಗೋಡೆ ಮೇಲಿನ ಬೋರ್ಡು ಅದರ ಒಂದು ತುದಿ.

ಕರ್ನಾಟಕದವರು ಸ್ವಂತವಾಗಿ ಯೋಚಿಸಿದ್ದಕ್ಕೂ ಉದಾಹರಣೆ ಇವೆ. ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ಕೇರಳದವರ ಜೊತೆ ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕಂಪನಿಯನ್ನು ನಂಬಿ ಕೋಕೋ ಹಾಕಿದವರಿಗೆ ಮುಂದೆ ಬೆಲೆ ಬಿದ್ದು ಕೇಳುವವರಿಲ್ಲದಂತೆ ಆದಾಗ, ಗಿಡ ಕಿತ್ತುಹಾಕಿ ಎನ್ನುವ ಬದಲು ಕ್ಯಾಂಪ್ಕೊದವರು ಕೋಕೋ ಕೊಂಡರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿದರು. ಇನ್ನು ಯಶಸ್ವಿನಿ ನಮಗೆಲ್ಲ ಗೊತ್ತು. ಬಡ ರೈತನಿಗೆ ಆಪರೇಷನ್ ಖರ್ಚು ಎಲ್ಲಿಂದ ಎಂಬ ಪ್ರಶ್ನೆಯನ್ನು ಡಾ. ದೇವಿ ಶೆಟ್ಟಿಯವರು ಬೇರೆ ಥರ ನೋಡಿದರು. ಒಂದು ಕಡೆ ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ, ಇನ್ನೊಂದು ಕಡೆ ಲಕ್ಷಗಟ್ಟಲೆ ರೈತರು. ಎಲ್ಲರೂ ತಿಂಗಳಿಗೆ 5 ರೂಪಾಯಿ ಹಾಕಿದರೆ? 2003ರಲ್ಲಿ ಜಾರಿಯಾದಾಗ ವರ್ಷಕ್ಕೆ 60 ರೂಪಾಯಿ. ಅಷ್ಟು ಸಣ್ಣ ಹಣ ಅಷ್ಟು ಜನರಿಂದ ವಸೂಲಿ ಮಾಡುವವರು ಯಾರು ಎಂಬುದಕ್ಕೆ ಉತ್ತರ ಸಹಕಾರ ಸಂಘಗಳ ಲೆಡ್ಜರಿನಲ್ಲಿ ಸಿದ್ಧವಾಗಿ ಕೂತಿತ್ತು. 2018ರಲ್ಲಿ ಅದು ನಿಂತಾಗ ಎಷ್ಟು ಮನೆಗಳಿಗೆ ಕೈ ಮುರಿದಂತಾಯಿತು ಎಂದು ಬಲ್ಲವರು ಬಲ್ಲರು. 2022ರಲ್ಲಿ ಮತ್ತೆ ಶುರುವಾಯಿತು.

ಈಗ ನಮ್ಮ ಮನೆ ಮಾತು. ಸದಸ್ಯರ ಪಟ್ಟಿಯಲ್ಲಿ ಹೆಸರು ಇರುವವರು ಎಷ್ಟು, ದಿನಾ ಹಾಲು ಹಾಕುವವರು ಎಷ್ಟು ಎಂದು ನೋಡಿದರೆ ಸಂತೋಷ ಪಡುವ ಹಾಗಿಲ್ಲ. ಹಿಂಡಿ ಬೂಸದ ಬೆಲೆ ಏರಿದೆ. ಹುಡುಗರು ಸಗಣಿ ಬಾಚುವುದಿಲ್ಲ, ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು ಎಂದರೆ ಕೊಟ್ಟಿಗೆ ಖಾಲಿ. ಸಭೆಯಲ್ಲಿ ಈ ವಿಷಯ ಬಂದಾಗೆಲ್ಲ ನಾವು ಕೇಳುವುದು, ಲೀಟರಿಗೆ ಎರಡು ರೂಪಾಯಿ ಏರಿಸಲು ಯಾರನ್ನು ಕೇಳೋಣ ಎಂದು. ಕೇಳಬೇಕು, ನ್ಯಾಯವಾದದ್ದೇ. ಆದರೆ ಎರಡು ರೂಪಾಯಿ ಬಂದ ಮಾತ್ರಕ್ಕೆ ಬಸ್ಸು ಹತ್ತಿದ ಹುಡುಗ ಇಳಿದು ಬರುತ್ತಾನೆಯೇ? ಬೇರೆ ಪ್ರಶ್ನೆಗಳೂ ಇವೆ. ಒಬ್ಬೊಬ್ಬರೂ ಎರಡು ಹಸುವಿಗಾಗಿ ಇಡೀ ದಿನ ಕಟ್ಟಿಹಾಕಿಕೊಳ್ಳುವ ಬದಲು ನಾಲ್ಕು ಮನೆಯವರು ಸೇರಿ ಮೇವು ಕೊಯ್ಯುವ, ಕತ್ತರಿಸುವ ಕೆಲಸವನ್ನು ಸಂಘದಿಂದಲೇ ಮಾಡಿಸಲು ಆಗುತ್ತದೆಯೇ? ಹಾಲು ಕರೆಯುವ ಮೆಷಿನ್ನು ಒಂದನ್ನು ಬೀದಿಗೆ ಇಟ್ಟುಕೊಂಡರೆ ಹೇಗೆ? ಸಗಣಿ ಗೊಬ್ಬರಕ್ಕೆ ಬೆಲೆ ಕಟ್ಟುವವರು ಯಾರು? ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕೂತಲ್ಲೇ ಹೇಳುವುದು ಬೇಡ. ಒಂದು ಬೀದಿಯಲ್ಲಿ ಒಂದು ತಿಂಗಳು ಮಾಡಿ ನೋಡಲು ಸಂಘಕ್ಕೆ ದೊಡ್ಡ ಖರ್ಚಿಲ್ಲ. ಬರುವ ವಾರ್ಷಿಕ ಮಹಾಸಭೆಯಲ್ಲಿ ಇದನ್ನು ಕಾರ್ಯಸೂಚಿಗೆ ಹಾಕಬೇಕೆಂದು ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇನೆ. ನಮ್ಮ ಅಕ್ಕ ತಂಗಿಯರು ಅವತ್ತು ತಪ್ಪದೆ ಬರಬೇಕು. ಹಸುವಿನ ಹತ್ತಿರ ದಿನಾ ಇರುವವರು ಅವರು, ಸಭೆಯಲ್ಲಿ ಮಾತಾಡುವವರು ಮಾತ್ರ ನಾವು.

ಆಣಂದ್‌ನ ಹಿರಿಯರ ಮಿಕ್ಕ ಸಂಗತಿ ಹೇಳಿ ಮುಗಿಸುತ್ತೇನೆ. ತ್ರಿಭುವನದಾಸರಿಗೂ ಕುರಿಯನ್ನರಿಗೂ 1963ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಕುರಿಯನ್ನರು 2012ರ ಸೆಪ್ಟೆಂಬರ್ 9ರಂದು ತೀರಿಕೊಂಡಾಗ ಇಡೀ ದೇಶದ ಪತ್ರಿಕೆಗಳು ಬರೆದವು. ದಲಾಯ ಅವರು ಅದಕ್ಕೂ ಮುಂಚೆ 2004ರಲ್ಲಿ ತೀರಿಕೊಂಡರು, ಅವರ ಹೆಸರು ಹಾಲಿನ ಕಸುಬಿನವರ ಆಚೆ ಅಷ್ಟಾಗಿ ಹರಡಲಿಲ್ಲ. ತ್ರಿಭುವನದಾಸರು ಎಪ್ಪತ್ತರ ದಶಕದಲ್ಲಿ ಅಧ್ಯಕ್ಷಗಿರಿಯನ್ನು ತಾವಾಗಿ ಬಿಟ್ಟುಕೊಟ್ಟಾಗ, ಹಳ್ಳಿ ಹಳ್ಳಿಯ ಸದಸ್ಯರು ತಲೆಗೆ ಒಂದೊಂದು ರೂಪಾಯಿ ಹಾಕಿ ಅವರಿಗೆ ಹಮ್ಮಿಣಿ ಅರ್ಪಿಸಿದರು. ಆ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಅದರಿಂದಲೇ ಬಾಣಂತಿ ಮತ್ತು ಕೂಸುಗಳ ಆರೋಗ್ಯ ನೋಡಿಕೊಳ್ಳುವ ಒಂದು ಪ್ರತಿಷ್ಠಾನ ಶುರುವಾಯಿತು. ಅದಕ್ಕೆ ಹಳ್ಳಿಗಳಲ್ಲಿ ಬೇರೆ ಕಟ್ಟಡ ಹುಡುಕಬೇಕಾಗಲಿಲ್ಲ. ಆರೋಗ್ಯ ಕಾರ್ಯಕರ್ತೆಯರು ಹಾಲಿನ ಸಂಘಗಳ ಮೂಲಕವೇ ಕೆಲಸ ಮಾಡಿದರು.